ಸಮಾಜಕಾರ್ಯ ವೃತ್ತಿಯ ವಿಕಾಸ ಮತ್ತು ಭಾಷೆಯ ಪ್ರಶ್ನೆ

ದಾನಧರ್ಮ, ಅನ್ನಛತ್ರ, ಅನಾಥಾಶ್ರಮಗಳ ಪರಂಪರೆ ಪುರಾತನವಾದುದು. ಆದರೆ ಪರಸೇವೆಯೂ ಶಿಕ್ಷಣ ಪಡೆದು, ವೇತನಕ್ಕಾಗಿ ಮಾಡುವ ವೃತ್ತಿಯಾಗಬಹುದೆಂಬ ವಿಚಾರ ಬಲಗೊಂಡುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1869ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಚಾರಿಟಿ ಆರ್ಗನೈಸೇಶನ್ ಸೊಸೈಟಿಯು ನೆರವು ಬೇಡುವ ಕುಟುಂಬಗಳ ಸ್ಥಿತಿಯನ್ನು ವಿಚಾರಿಸಿ ದಾಖಲಿಸುವ ಕ್ರಮವನ್ನು ಬೆಳೆಸಿತು. ಬಡತನಕ್ಕೆ ಬಡವನ ನಡತೆಯೇ ಕಾರಣವೆಂಬ ಶಂಕೆ ಆ ವಿಚಾರಣೆಯ ಬೆನ್ನಿಗೇ ಇತ್ತು. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಷಿಕಾಗೋದಲ್ಲಿ ಆರಂಭಿಸಿದ ಹಲ್ ಹೌಸ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಕಾರ್ಯಕರ್ತರು ನಾನಾ ದೇಶಗಳಿಂದ ವಲಸೆ ಬಂದ, ನಾನಾ ಭಾಷೆಗಳನ್ನಾಡುವ ಕಾರ್ಮಿಕರ ಕೇರಿಯಲ್ಲಿಯೇ ನೆಲೆಸಿದರು.

ಇದು ನಿಜವಾಗಿಯೂ ವೃತ್ತಿಯೇ ಎಂದು 1915ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ ಪ್ರಶ್ನಿಸಿದರು. ಅವರ ಉತ್ತರ ನಿರಾಶಾದಾಯಕವಾಗಿತ್ತು. ಎರಡೇ ವರ್ಷಗಳಲ್ಲಿ ಮೇರಿ ರಿಚ್ಮಂಡ್ 'ಸೋಶಿಯಲ್ ಡಯಾಗ್ನೋಸಿಸ್' ಗ್ರಂಥದ ಮೂಲಕ ಈ ಕೆಲಸಕ್ಕೆ ಒಂದು ವಿಧಾನವನ್ನು ಒದಗಿಸಿದರು. ಆ ವಿಧಾನದ ಬುಡವೆಂದರೆ ಸಂಭಾಷಣೆ: ಕಷ್ಟದಲ್ಲಿರುವವರಿಂದಲೂ ಅವರ ಸುತ್ತಲಿನವರಿಂದಲೂ ಸಂಗತಿಯನ್ನು ಕೇಳಿ ತಿಳಿಯುವುದು.

ಭಾರತದಲ್ಲಿ ವೃತ್ತಿಶಿಕ್ಷಣ 1936ರಲ್ಲಿ ಮುಂಬಯಿಯ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯಿಂದ ಮೊದಲಾಯಿತು. ನಾಗಪಾಡಾದ ಕಾರ್ಮಿಕ ವಸತಿಗಳಲ್ಲಿ ದುಡಿದ ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಅದರ ಮೊದಲ ನಿರ್ದೇಶಕರು. ಶಾಲೆಯಿಂದ ಹೊರಬಂದವರಿಗೆ ಗಟ್ಟಿಯಾದ ನೆಲೆ ಕೊಟ್ಟುದರಲ್ಲಿ 1948ರ ಕಾರ್ಖಾನೆ ಕಾಯಿದೆಯ ಪಾತ್ರ ದೊಡ್ಡದು. ಐನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿಗಳನ್ನು ನೇಮಿಸಬೇಕೆಂದು ಅದರ 49ನೆಯ ಕಲಮು ವಿಧಿಸಿತು. ಈ ಅಧಿಕಾರಿಗೆ ಕಾರ್ಮಿಕರಲ್ಲಿ ಬಹುಸಂಖ್ಯಾತರು ಆಡುವ ಭಾಷೆ ತಿಳಿದಿರಬೇಕೆಂದು ಹಲವು ರಾಜ್ಯಗಳ ನಿಯಮಗಳು ಹೇಳಿದವು.

ಭಾಷೆಯನ್ನು ಅರ್ಹತೆಯೆಂದು ಎಣಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ 'ಬಹುಸಂಖ್ಯಾತರು' ಎಂಬ ಮಾತು ಸೊಲ್ಲಾಪುರದಂತಹ ಊರಿನಲ್ಲಿ ತೊಡಕಾಗುತ್ತದೆ. ಅಲ್ಲಿನ ಗಿರಣಿಗಳಲ್ಲಿ, ಮಗ್ಗಗಳಲ್ಲಿ ಮರಾಠಿ, ತೆಲುಗು, ಕನ್ನಡ ಮಾತಾಡುವವರು ಒಟ್ಟಿಗೇ ದುಡಿದಿದ್ದಾರೆ. ಒಂದು ಭಾಷೆ ಬಲ್ಲ ಅಧಿಕಾರಿ ನಿಯಮವನ್ನು ಪೂರೈಸಿದಂತೆಯೇ. ಉಳಿದವರ ಮಾತನ್ನು ಮಧ್ಯವರ್ತಿಯೊಬ್ಬ ತಿಳಿಸಬೇಕು. ಆ ಮಧ್ಯವರ್ತಿ ಮೇಸ್ತ್ರಿಯೇ ಆಗಿದ್ದರೆ, ಮೇಸ್ತ್ರಿಯ ಮೇಲಿನ ದೂರು ಅಧಿಕಾರಿಯ ಕಿವಿಗೆ ಹೇಗೆ ಬೀಳಬೇಕು? ಸಂವಿಧಾನದ 350ನೆಯ ವಿಧಿಯು ಸರ್ಕಾರದ ಅಧಿಕಾರಿಗಳಿಗೆ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಸಮಾಜಕಾರ್ಯಕರ್ತನ ಎದುರು ಕುಳಿತವರ ಸಂಕಟವಾದರೋ ಬಹುಮಟ್ಟಿಗೆ ಮನವಿಯಾಗಿ ಬರೆಯಲ್ಪಡುವ ಹಂತಕ್ಕೆ ಇನ್ನೂ ಬಂದಿರುವುದಿಲ್ಲ.