ಚಳಿಗೆ ಒಂದು ಪೆಗ್, ಮರಗಟ್ಟಿದ ಬೆರಳಿಗೆ ಹಿಮ: ಈ ಫಾರ್ವರ್ಡ್ ನಂಬಬಹುದೇ?

ನಮ್ಮ ಓದುಗರೊಬ್ಬರು ವಾಟ್ಸಾಪ್ ಸಂದೇಶವೊಂದನ್ನು ಕಳಿಸಿ, "ಇದು ನಿಜವೇ?" ಎಂದು ಕೇಳಿದ್ದಾರೆ. ಅವರ ಮಗಳು ಫಿನ್‌ಲೆಂಡಿನಲ್ಲಿ ಕೆಲಸದಲ್ಲಿದ್ದಾಳೆ. ಸಹೋದ್ಯೋಗಿಗಳ ಜೊತೆ ದೇಶದ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿಗೆ ಹೋಗಿ, ಹಿಮದ ಮೇಲೆ ಸ್ಕೀ ಹಾಕಿಕೊಂಡು ಸಾಗಿ, ಕಾಡಿನ ಕ್ಯಾಬಿನ್‌ನಲ್ಲಿ ರಾತ್ರಿ ತಂಗುವ ಯೋಜನೆ. ತಂಡದಲ್ಲಿ ಹೆಚ್ಚಿನವರು ಹೊಸಬರು. ಗಾಬರಿಯಾದ ಬಂಧುಗಳು "ಚಳಿಗೆ ಐದು ಮದ್ದು" ಎಂಬ ಸಂದೇಶವನ್ನು ಅವಳಿಗೆ ಫಾರ್ವರ್ಡ್ ಮಾಡಿದ್ದಾರೆ. ಐದನ್ನೂ ನಾವು ಒಂದೊಂದಾಗಿ ನೋಡೋಣ.

ಇದು ಯಾವ ಬಗೆಯ ಪ್ರವಾಸ?

ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಎಂದರೆ ಬೆಟ್ಟದಿಂದ ಸರ್ರನೆ ಜಾರುವ ಆಟವಲ್ಲ. ಉದ್ದನೆಯ ತೆಳು ಸ್ಕೀಗಳಿಗೆ ಬೂಟಿನ ಮುಂಭಾಗ ಮಾತ್ರ ಅಂಟಿಕೊಂಡಿರುತ್ತದೆ, ಹಿಮ್ಮಡಿ ಎತ್ತಬಹುದು. ಎರಡು ಕೋಲು ಊರುತ್ತಾ ನಡೆದಂತೆ ಜಾರುತ್ತಾ ಸಾಗಬೇಕು. ಮೈಯೆಲ್ಲ ದುಡಿಯುವುದರಿಂದ ಮೈನಸ್ 10 ಡಿಗ್ರಿಯಲ್ಲೂ ಬೆವರು ಬರುತ್ತದೆ. ಹೊಸಬರು ಬೀಳುತ್ತಾರೆ, ಆಗಾಗ ನಿಲ್ಲುತ್ತಾರೆ. ಬೆವರಿದ ಮೈಯಲ್ಲಿ ನಿಂತಾಗಲೇ ಚಳಿ ಹಿಡಿಯುತ್ತದೆ.

ಹೇಳಿಕೆ 1: ಒಂದು ಪೆಗ್ ಬ್ರಾಂದಿ ಕುಡಿದರೆ ಮೈ ಬೆಚ್ಚಗಾಗುತ್ತದೆ

ತಪ್ಪು. ಚಳಿಯಲ್ಲಿ ದೇಹವು ಚರ್ಮದ ರಕ್ತನಾಳಗಳನ್ನು ಕಿರಿದಾಗಿಸಿ ಬಿಸಿಯನ್ನು ಒಳಗೇ ಕಾಪಾಡಿಕೊಳ್ಳುತ್ತದೆ. ಮದ್ಯ ಆ ನಾಳಗಳನ್ನು ಹಿಗ್ಗಿಸುತ್ತದೆ. ಬಿಸಿರಕ್ತ ಚರ್ಮಕ್ಕೆ ಬರುವುದರಿಂದ ಬೆಚ್ಚಗಾದಂತೆ ಅನ್ನಿಸುತ್ತದೆ. ಆದರೆ ಆ ಬಿಸಿ ಹೊರಗಿನ ಗಾಳಿಗೆ ಸೋರಿಹೋಗುತ್ತಿರುತ್ತದೆ. ನಡುಕವೂ ಕಡಿಮೆಯಾಗುತ್ತದೆ, ವಿವೇಚನೆಯೂ ಮಂಕಾಗುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಮಾತು ತೊದಲುವುದು, ಎಡವುವುದು, ಕೈಗಳು ಹೇಳಿದಂತೆ ಕೇಳದಿರುವುದು ಅದರ ಲಕ್ಷಣಗಳು. ಕುಡಿದವರಲ್ಲಿ ಇವನ್ನು ಅಮಲು ಎಂದು ತಿಳಿದು ಸುಮ್ಮನಿರುವ ಅಪಾಯವಿದೆ. ಚಳಿಯಲ್ಲಿದ್ದವರ ನಡುಕ ತಾನಾಗಿ ನಿಂತು ಮಂಕಾದರೆ ಅದು ಸುಧಾರಣೆಯಲ್ಲ, ತುರ್ತುಸ್ಥಿತಿ.

ಹೇಳಿಕೆ 2: ಬೆರಳು ಮರಗಟ್ಟಿದರೆ ಹಿಮದಿಂದ ಉಜ್ಜಿ

ಇದು ಐದರಲ್ಲಿ ಅತ್ಯಂತ ಹಾನಿಕರ ಸಲಹೆ. ಹಿಮಗಡಿತವಾದ ಚರ್ಮ ಬಿಳಿಚಿಕೊಳ್ಳುತ್ತದೆ ಅಥವಾ ಬೂದುಬಣ್ಣಕ್ಕೆ ತಿರುಗುತ್ತದೆ, ಸ್ಪರ್ಶ ತಿಳಿಯುವುದಿಲ್ಲ. ಒಳಗೆ ಮಂಜುಗಡ್ಡೆಯ ಹರಳುಗಳು ಕಟ್ಟಿರುತ್ತವೆ. ಉಜ್ಜಿದರೆ ಜೀವಕೋಶಗಳು ಇನ್ನಷ್ಟು ಹಾಳಾಗುತ್ತವೆ, ಹಿಮ ಇನ್ನಷ್ಟು ತಣ್ಣಗಾಗಿಸುತ್ತದೆ. ಬೆರಳು ಜೋಮು ಹಿಡಿಯುತ್ತಿದ್ದಂತೆಯೇ ಕಂಕುಳಲ್ಲಿ ಇಟ್ಟುಕೊಳ್ಳಿ. ಗಟ್ಟಿಯಾಗಿಬಿಟ್ಟಿದ್ದರೆ ಕ್ಯಾಬಿನ್ ತಲುಪಿದ ಮೇಲೆ 37ರಿಂದ 39 ಡಿಗ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ವೈದ್ಯಕೀಯ ನೆರವು ಪಡೆಯಿರಿ. ಒಲೆಯ ಹತ್ತಿರ ಹಿಡಿಯಬೇಡಿ, ಸ್ಪರ್ಶವಿಲ್ಲದ ಬೆರಳು ಸುಟ್ಟರೂ ಗೊತ್ತಾಗದು. ಮತ್ತೆ ಹೆಪ್ಪುಗಟ್ಟುವ ಸಾಧ್ಯತೆಯಿದ್ದರೆ ದಾರಿಯಲ್ಲಿ ಕರಗಿಸಲು ಹೋಗಬೇಡಿ. ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಹೆಚ್ಚು.

ಹೇಳಿಕೆ 3: ತಲೆ ಮುಚ್ಚಿದರೆ ಸಾಕು, ಅರ್ಧ ಬಿಸಿ ಅಲ್ಲಿಂದಲೇ ಹೋಗುತ್ತದೆ

ಅರೆಸತ್ಯ. ಅಮೆರಿಕ ಸೇನೆಯ ಹಳೆಯ ಕೈಪಿಡಿಯೊಂದು ಶೇ 40ರಿಂದ 45ರಷ್ಟು ಬಿಸಿ ತಲೆಯಿಂದ ಹೋಗುತ್ತದೆ ಎಂದಿತ್ತು. ಅದೇ ಇಂದಿಗೂ ಓಡಾಡುತ್ತಿದೆ. ವಯಸ್ಕರ ದೇಹದ ಮೇಲ್ಮೈಯಲ್ಲಿ ತಲೆಯ ಪಾಲು ಸುಮಾರು ಶೇ 10 ಅಷ್ಟೇ, ಬಿಸಿ ಹೋಗುವುದೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ. ಟೋಪಿ ಬೇಕೇ ಬೇಕು. ಆದರೆ ಹೊಸಬರನ್ನು ಕೆಡಿಸುವುದು ಮೈಗೆ ಅಂಟಿದ ಹತ್ತಿ ಬನಿಯನ್. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿಯನ್ನು ಸೆಳೆಯುತ್ತದೆ. ಒಳಗೆ ಉಣ್ಣೆ, ಮೇಲೆ ಗಾಳಿ ತಡೆಯುವ ಜಾಕೆಟ್ ಇರಲಿ. ಬೆವರು ಬರುವ ಮೊದಲೇ ಒಂದು ಪದರ ತೆಗೆಯಿರಿ, ನಿಂತ ತಕ್ಷಣ ಹಾಕಿಕೊಳ್ಳಿ. ಮೈನಸ್ 10 ಡಿಗ್ರಿಯಲ್ಲಿ ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 20ರಂತೆ ತಾಗುತ್ತದೆ.

ಹೇಳಿಕೆ 4: ಬಾಯಾರಿದರೆ ಹಿಮ ತಿನ್ನಿ, ನೀರು ಹೊರಬೇಕಿಲ್ಲ

ಲೆಕ್ಕ ಹಾಕೋಣ. ಸೊನ್ನೆ ಡಿಗ್ರಿಯ ಒಂದು ಕಿಲೋ ಹಿಮ ಕರಗಲು 80 ಕಿಲೋಕ್ಯಾಲೊರಿ ಬೇಕು. ಆ ನೀರು ದೇಹದ ಬಿಸಿಗೆ ಬರಲು ಇನ್ನೂ 37. ಇದೆಲ್ಲ ನಿಮ್ಮ ದೇಹದ ಖಾತೆಯಿಂದಲೇ ಹೋಗುತ್ತದೆ. ದಣಿದು ತಣ್ಣಗಾದವರಿಗೆ ಇದು ದುಬಾರಿ. ಥರ್ಮಾಸ್‌ನಲ್ಲಿ ಬಿಸಿ ಪಾನೀಯ ಒಯ್ಯಿರಿ, ಕ್ಯಾಬಿನ್‌ನಲ್ಲಿ ಹಿಮ ಕರಗಿಸಿ ಕುದಿಸಿ ಕುಡಿಯಿರಿ.

ಹೇಳಿಕೆ 5: ಮಲಗುವ ಮೊದಲು ಒಲೆಯ ಹೊಗೆದಾರಿ ಮುಚ್ಚಿದರೆ ಬೆಳಗಿನವರೆಗೂ ಬೆಚ್ಚಗೆ

ಕೆಂಡ ಇನ್ನೂ ಹೊಳೆಯುತ್ತಿರುವಾಗ ಹೊಗೆದಾರಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಕೋಣೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳದೇ ಇರಬಹುದು. ನಮ್ಮಲ್ಲೂ ಚಳಿಗೆ ಬಾಗಿಲು ಹಾಕಿ ಇದ್ದಿಲು ಕೆಂಡ ಇಟ್ಟುಕೊಂಡು ಮಲಗಿದವರು ಸಾಯುವುದು ಇದೇ ಕಾರಣಕ್ಕೆ. ಕೆಂಡ ಪೂರ್ತಿ ಆರುವವರೆಗೆ ಹೊಗೆದಾರಿ ತೆರೆದಿರಲಿ.

ಹಾಗಾದರೆ ಹೋಗಬಾರದೇ?

ಹೋಗಬಹುದು. ಹೊಸಬರಿಗೆ ಮಾರ್ಚ್ ಕೊನೆ, ಏಪ್ರಿಲ್ ಆರಂಭ ಒಳ್ಳೆಯದು. ಡಿಸೆಂಬರ್‌ನಲ್ಲಿ ಲ್ಯಾಪ್‌ಲ್ಯಾಂಡಿನ ಉತ್ತರ ಭಾಗದಲ್ಲಿ ಕೆಲವು ವಾರ ಸೂರ್ಯ ಹುಟ್ಟುವುದೇ ಇಲ್ಲ. ಫಿನ್‌ಲೆಂಡಿನ ಕಾಡುಗಳಲ್ಲಿ ಬೀಗವಿಲ್ಲದ, ಬಾಡಿಗೆಯಿಲ್ಲದ ಕ್ಯಾಬಿನ್‌ಗಳಿವೆ. ಅವನ್ನು ಕಾದಿರಿಸಲು ಆಗದು. ಕೊನೆಗೆ ಬಂದವರಿಗೆ ಮೊದಲು ಬಂದವರು ಜಾಗ ಬಿಡಬೇಕೆಂಬುದು ಅಲ್ಲಿನ ನಿಯಮ. ಖಚಿತ ಜಾಗ ಬೇಕಿದ್ದರೆ ಹಣ ಕೊಟ್ಟು ಕಾದಿರಿಸುವ ಕ್ಯಾಬಿನ್‌ಗಳೂ ಇವೆ, ಅವುಗಳ ಕೀಲಿಯನ್ನು ಮೊದಲೇ ಪಡೆಯಬೇಕು.

ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಸೋಲುತ್ತದೆ. ಫೋನನ್ನು ಒಳಜೇಬಿನಲ್ಲಿಡಿ, ಕಾಗದದ ನಕ್ಷೆ ಜೊತೆಗಿರಲಿ. ತುರ್ತು ಸಂಖ್ಯೆ 112. ಎಲ್ಲೆಡೆ ಸಿಗ್ನಲ್ ಸಿಗದ ಕಾರಣ ಯಾವ ದಾರಿ, ಯಾವಾಗ ವಾಪಸ್ ಎಂಬುದನ್ನು ಹೊರಡುವ ಮೊದಲೇ ಒಬ್ಬರಿಗೆ ತಿಳಿಸಿರಬೇಕು. ನೆರೆಯ ನಾರ್ವೆಯಲ್ಲಿ 1967ರ ಈಸ್ಟರ್ ರಜೆಯಲ್ಲಿ ಬೆಟ್ಟಗಳಲ್ಲಿ 18 ಮಂದಿ ಸತ್ತ ಮೇಲೆ ಬೆಟ್ಟದ ಸುರಕ್ಷತಾ ನಿಯಮಗಳನ್ನು ಮನೆಮನೆಗೆ ತಲುಪಿಸುವ ಅಭಿಯಾನ ನಡೆಯಿತು. ಸಮಯವಿರುವಾಗಲೇ ಹಿಂದಿರುಗಿ, ಅದರಲ್ಲಿ ಅವಮಾನವಿಲ್ಲ ಎಂಬುದು ಆ ನಿಯಮಗಳಲ್ಲಿ ಒಂದು. ತಂಡದ ಅತಿ ನಿಧಾನದ ವ್ಯಕ್ತಿ ದಣಿದರೆ ಎಲ್ಲರೂ ಹಿಂದಿರುಗುತ್ತೇವೆ ಎಂದು ಹೊರಡುವಾಗಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ನಮ್ಮ ತೀರ್ಮಾನ: ಐದರಲ್ಲಿ ನಾಲ್ಕು ಸಲಹೆಗಳು ತಪ್ಪು, ಒಂದು ಅರೆಸತ್ಯ. ಈ ಸಂದೇಶ ನಿಮ್ಮ ಗ್ರೂಪಿಗೂ ಬಂದಿದ್ದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಬರಹವನ್ನು ಕಳಿಸಿ. ಆ ಮಗಳಿಗೂ ಇದನ್ನೇ ಕಳಿಸಿದ್ದೇವೆ.