ಉರಿಯುವ ಮಣ್ಣಿನ ತಕರಾರು

ಐರ್ಲೆಂಡಿನ ನಡುನಾಡಿನ ಹಳ್ಳಿಗಳಲ್ಲಿ ಚಳಿಗಾಲದ ಒಲೆಗೆ ಉರುವಲು ನೆಲದಿಂದಲೇ ಬರುತ್ತದೆ. ವಸಂತದ ಕೊನೆಗೆ ಜೌಗಿನ ಮೇಲ್ಪದರ ಹೆರೆದು, ಬದಿಗೊಂದು ರೆಕ್ಕೆಯಿರುವ ‘ಶ್ಲಾನ್’ ಎಂಬ ಸಲಿಕೆಯಿಂದ ಕಪ್ಪು ಮಣ್ಣನ್ನು ಹೆಂಟೆ ಹೆಂಟೆಯಾಗಿ ಕತ್ತರಿಸುತ್ತಾರೆ. ತುಸು ಗಟ್ಟಿಯಾದ ಮೇಲೆ ನಾಲ್ಕಾರು ಹೆಂಟೆಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ ಗಾಳಿಗೆ ಒಣಗಿಸುತ್ತಾರೆ. ಜನ ಇದಕ್ಕೆ ಟರ್ಫ್ ಎನ್ನುತ್ತಾರೆ, ವಿಜ್ಞಾನಿಗಳಿಗೆ ಇದು ಪೀಟ್. ಎಷ್ಟೋ ಮನೆತನಗಳಿಗೆ ಜೌಗಿನ ಒಂದು ಪಟ್ಟಿಯಲ್ಲಿ ಟರ್ಫ್ ಕಡಿಯುವ ಹಕ್ಕು ಪಿತ್ರಾರ್ಜಿತವಾಗಿ ಬಂದಿದೆ.

ನಿಜಕ್ಕೂ ಇದು ಮಣ್ಣಲ್ಲ, ಪೂರ್ತಿ ಕೊಳೆಯದೆ ಉಳಿದ ಗಿಡ. ಹಿಮಯುಗ ಮುಗಿದಾಗ ಉಳಿದ ಕೆರೆಗಳು ಕ್ರಮೇಣ ತುಂಬಿಕೊಂಡು, ಅಲ್ಲಿ ಸ್ಫ್ಯಾಗ್ನಮ್ ಎಂಬ ಹಾವಸೆ ನೆಲೆಯೂರಿತು. ಒಣತೂಕದ ಇಪ್ಪತ್ತು ಪಟ್ಟು ನೀರನ್ನು ಹಿಡಿದಿಡಬಲ್ಲ ಈ ಸಸ್ಯ ಸುತ್ತಲ ನೀರನ್ನು ಹುಳಿಯಾಗಿಸುತ್ತದೆ. ನಿಂತ ನೀರಿನಲ್ಲಿ ಆಮ್ಲಜನಕ ಇಲ್ಲದ್ದರಿಂದ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ. ಸತ್ತ ಹಾವಸೆ ವರ್ಷಕ್ಕೆ ಸುಮಾರು 1 ಮಿಲಿಮೀಟರಿನಂತೆ ಪೇರಿಕೊಳ್ಳುತ್ತದೆ. ಆಫಲಿ ಕೌಂಟಿಯಲ್ಲಿ 2003ರಲ್ಲಿ ಜೌಗಿನ ಕಾಲುವೆ ತೋಡುವಾಗ ಸಿಕ್ಕ ಕಬ್ಬಿಣ ಯುಗದ ಮನುಷ್ಯನ ಬೆರಳುಗಳಲ್ಲಿ ಉಗುರುಗಳೂ ಹಾಗೇ ಇದ್ದವು.

ಭೂಮಿಯ ನೆಲದಲ್ಲಿ ಪೀಟ್ ಪ್ರದೇಶ ಸುಮಾರು ಶೇ. 3 ಮಾತ್ರ. ಅದರಲ್ಲಿರುವ ಇಂಗಾಲವಾದರೋ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು.

ನಮ್ಮ ಪಟ್ಟಿಯಲ್ಲಿ ನಾವು ನಾಲ್ಕು ಗಾಡಿ ಕಡಿದರೆ ಲೋಕಕ್ಕೇನು ನಷ್ಟ? ಹಕ್ಕುಳ್ಳವರ ಈ ಪ್ರಶ್ನೆ ಸಹಜವೇ. ಉತ್ತರ ನೀರಿನಲ್ಲಿದೆ. ಮಧ್ಯ ಐರ್ಲೆಂಡಿನ ಜೌಗುಗಳು ಗುಮ್ಮಟದಂತೆ ಉಬ್ಬಿ, ಒಳಗಿನ ನೀರಿನ ಮಟ್ಟವನ್ನು ಸುತ್ತಲಿನ ಹೊಲಗಳಿಗಿಂತ ಮೇಲೆ ಹಿಡಿದಿಟ್ಟಿರುತ್ತವೆ. ಅಂಚಿನಲ್ಲಿ ಕಡಿದು, ಬಸಿಗಾಲುವೆ ತೋಡಿದೊಡನೆ ನೀರು ಅತ್ತ ಜಾರುತ್ತದೆ. ಹಕ್ಕುಪತ್ರದ ಗಡಿ ಅದಕ್ಕೆ ಲೆಕ್ಕಕ್ಕಿಲ್ಲ. ಕ್ಲಾರಾ ಜೌಗಿನಲ್ಲಿ ಅಂಚಿನ ಕಡಿತದಿಂದ ಬಹಳ ಒಳಗಿನ ನೆಲವೂ ಕುಸಿದದ್ದು ಅಳತೆಗಳಲ್ಲಿ ಕಂಡುಬಂತು. ಒಣಗಿದ ಪೀಟ್‌ಗೆ ಗಾಳಿ ತಾಗಿದರೆ ಸಾಕು, ಒಲೆಗೆ ಹಾಕದಿದ್ದರೂ ಅದು ಕೊಳೆತು ಇಂಗಾಲದ ಡೈಆಕ್ಸೈಡ್ ಬಿಡತೊಡಗುತ್ತದೆ.

ಕ್ಲಾರಾ ಉಳಿಯುವಂತೆ ದನಿಯೆತ್ತಿದವರಲ್ಲಿ ಡಚ್ಚರೂ ಇದ್ದರು. ತಮ್ಮ ದೇಶದ ಜೌಗುಗಳನ್ನು ಹೆಚ್ಚುಕಡಿಮೆ ಪೂರ್ತಿ ಕಡಿದು ಮುಗಿಸಿದ್ದ ಅವರು 1980ರ ದಶಕದಲ್ಲಿ ಚಂದಾ ಎತ್ತಿ ಐರ್ಲೆಂಡಿನ ಕೆಲವು ಜೌಗುಗಳನ್ನು ಕೊಂಡು ಅಲ್ಲಿನ ಸರ್ಕಾರಕ್ಕೆ ಒಪ್ಪಿಸಿದರು. ಕೆಟ್ಟ ಮೇಲೆ ಬಂದ ಬುದ್ಧಿ, ಆದರೆ ಕೆಲಸಕ್ಕೆ ಬಂತು.

ಯುರೋಪಿನ 1992ರ ಆವಾಸ ನಿರ್ದೇಶನ ಜೀವಂತ ಜೌಗುಗಳಿಗೆ ಮೊದಲ ಆದ್ಯತೆ ಕೊಟ್ಟಿತು. ಐರ್ಲೆಂಡ್ 53 ಜೌಗುಗಳನ್ನು ರಕ್ಷಿತ ಪ್ರದೇಶಗಳ ಪಟ್ಟಿಗೆ ಸೇರಿಸಿತು. ಮನೆಬಳಕೆಗೆ ಕಡಿಯುವವರಿಗೆ 1999ರಲ್ಲಿ ಹತ್ತು ವರ್ಷ ವಿನಾಯಿತಿ ಸಿಕ್ಕಿತು. ಗಡುವು ಮುಗಿದು ನಿಷೇಧ ಬಂದಾಗ ಜನ ಸಿಟ್ಟಿಗೆದ್ದರು. ಅವರ ಪರ ನಿಂತ ಲೂಕ್ ಫ್ಲ್ಯಾನಗನ್ 2011ರಲ್ಲಿ ಸಂಸತ್ತಿಗೂ 2014ರಲ್ಲಿ ಯುರೋಪಿಯನ್ ಸಂಸತ್ತಿಗೂ ಆರಿಸಿ ಹೋದರು. ಸಿಟ್ಟಿಗೆ ಕಾರಣವೂ ಇತ್ತು. ಸರ್ಕಾರಿ ಕಂಪನಿ ಬೋರ್ಡ್ ನ ಮೋನ ದಶಕಗಟ್ಟಲೆ ಜೌಗುಗಳನ್ನು ಯಂತ್ರಗಳಿಂದ ಕೆರೆದು ವಿದ್ಯುತ್ ಸ್ಥಾವರಗಳಿಗೆ ಪೀಟ್ ಒದಗಿಸುತ್ತಿತ್ತು. ಪೀಟ್ ತೆಗೆಯುವುದನ್ನು ಕೈಬಿಟ್ಟಿದ್ದಾಗಿ ಅದು ಘೋಷಿಸಿದ್ದು 2021ರಲ್ಲಿ.

ಹಾಗೆಂದು ಸಂಪ್ರದಾಯವೇನೂ ಇದ್ದಲ್ಲೇ ಇರಲಿಲ್ಲ. ಶ್ಲಾನ್ ಹಿಡಿಯುವವರು ಈಗ ವಿರಳ. ಬಾಡಿಗೆಯ ಟ್ರ್ಯಾಕ್ಟರ್ ಯಂತ್ರವೊಂದು ಬಂದು ಪೀಟ್ ಹಿಂಡಿ, ಉದ್ದುದ್ದ ಎಳೆಗಳಾಗಿ ಹಾಸಿ ಹೋಗುತ್ತದೆ. ಮನೆಮಂದಿಯೆಲ್ಲ ದಿನಗಟ್ಟಲೆ ಬೆವರು ಸುರಿಸಿ ಕಡಿಯುತ್ತಿದ್ದುದನ್ನು ಅದು ಬೇಗನೆ ಮುಗಿಸುತ್ತದೆ.

ರಾಜಿಯ ದಾರಿಗಳಲ್ಲಿ ಒಂದು ಹಣದ್ದು: ಹಕ್ಕು ಬಿಟ್ಟವರಿಗೆ ವರ್ಷಕ್ಕೆ 1,500 ಯೂರೋದಂತೆ 15 ವರ್ಷ ಪರಿಹಾರ. ಇನ್ನೊಂದು ಹೆಚ್ಚು ಜಾಣತನದ್ದು: ಈಗಾಗಲೇ ಒಣಗಿ ಕೆಟ್ಟಿರುವ ಬೇರೆ ಜೌಗಿನಲ್ಲಿ ಅವರಿಗೆ ಪಟ್ಟಿ ಕೊಡುವುದು. ಟರ್ಫಿನ ಒಲೆಯೂ ಆರುವುದಿಲ್ಲ, ಜೀವಂತ ಜೌಗೂ ಬರಿದಾಗುವುದಿಲ್ಲ. ಆದರೆ ಅಲ್ಲಿ ಸಾಕಷ್ಟು ಆಳದ ಪೀಟ್ ಇರಬೇಕು, ದಾರಿ ಇರಬೇಕು, ಆ ನೆಲದ ಹಕ್ಕುದಾರರೂ ಒಪ್ಪಬೇಕು.

ಖಾಲಿಯಾದ ಅಂಚುಗಳಲ್ಲಿ ಈಗ ಕಾಲುವೆಗಳಿಗೆ ಪೀಟ್‌ನಿಂದಲೇ ಒಡ್ಡು ಕಟ್ಟಿ ನೀರು ನಿಲ್ಲಿಸಲಾಗುತ್ತಿದೆ. ನೆನೆದ ಜೌಗು ಒಂದಿಷ್ಟು ಮೀಥೇನ್ ಬಿಡುವುದು ನಿಜ, ಆದರೂ ದೀರ್ಘಕಾಲದ ಲೆಕ್ಕದಲ್ಲಿ ಒಣಗಿದ್ದಕ್ಕಿಂತ ಅದೇ ಲೇಸು. ಯುರೋಪಿನ ತೋಟಗಾರಿಕೆ ಪೀಟ್‌ಗೆ ಬದಲಿ ಹುಡುಕುತ್ತಿದ್ದು, ಭಾರತದಿಂದ ಹೋಗುವ ತೆಂಗಿನ ನಾರಿನ ಪುಡಿಯೂ ಅದರಲ್ಲೊಂದು. ಬೆಂಗಳೂರಿನ ತಾರಸಿ ತೋಟದವರಿಗೆ ಕೊಕೊಪೀಟ್ ಎಂದರೆ ಬೇಗ ಗೊತ್ತಾದೀತು.

2022ರ ಅಕ್ಟೋಬರ್ 31ರಿಂದ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಟರ್ಫ್ ಮಾರುವಂತಿಲ್ಲ. ರಕ್ಷಿತ ಜೌಗುಗಳ ಹೊರಗೆ ಹಕ್ಕುಳ್ಳವರು ತಮ್ಮ ಮನೆಗೆ ಕಡಿದುಕೊಳ್ಳಲು ಅಡ್ಡಿಯಿಲ್ಲ. ರಕ್ಷಿತ ಜೌಗುಗಳಲ್ಲೂ ಕಡಿತ ಪೂರ್ತಿ ನಿಂತಿಲ್ಲವೆಂದು ಯುರೋಪಿಯನ್ ಆಯೋಗ 2024ರ ಮಾರ್ಚ್‌ನಲ್ಲಿ ಐರ್ಲೆಂಡನ್ನು ಯುರೋಪಿನ ನ್ಯಾಯಾಲಯಕ್ಕೆ ಎಳೆಯಲು ತೀರ್ಮಾನಿಸಿತು.