ಪಟ್ಟಿ ಸಡಿಲಿಸಿ, ಮೂಗಿಗೆ ತೇವ ಕೊಡಿ

ಗೊರಕೆ ಜೋರಾಯಿತೆಂದು ಸ್ಲೀಪ್ ಸ್ಟಡಿ ಮಾಡಿಸಿಕೊಂಡು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆ ಎಂದು ತಿಳಿದು, ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದ, ಉಸಿರಿನ ದಾರಿ ತೆರೆದಿಡಲು ಮಾಸ್ಕಿನ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಮಷಿನ್ ಎಷ್ಟೋ ಮನೆಗಳಲ್ಲಿ ತಿಂಗಳು ತುಂಬುವ ಮೊದಲೇ ಬೀರುವಿನ ಮೇಲೇರಿ ಕುಳಿತಿರುತ್ತದೆ. ಯಾಕೆ ಬಿಟ್ಟಿರಿ ಎಂದರೆ ‘ಒಗ್ಗಲಿಲ್ಲ’ ಎನ್ನುತ್ತಾರೆ. ಇನ್ನೊಂದು ಮಾತು ಕೇಳಿದರೆ ಗೊತ್ತಾಗುತ್ತದೆ, ಬಹಳಷ್ಟು ಸಲ ಒಗ್ಗದಿದ್ದುದು ಮೂಗಿಗೆ. ಕನ್ನಡಕ ಕೂರುವ ಜಾಗದಲ್ಲಿ ಚರ್ಮ ಕೆಂಪಾಗಿ ಸುಲಿದಿತ್ತು, ಹೊಳ್ಳೆಯ ಅಂಚು ಉರಿಯುತ್ತಿತ್ತು, ಒಳಗೆ ಹಕ್ಕಳೆ ಕಟ್ಟಿ ಬೆಳಿಗ್ಗೆ ಸೀನಿದರೆ ರಕ್ತದ ಎಳೆ ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಮನೆಯವರು ಹೇಳುವ ಸಮಾಧಾನ ಒಂದೇ: ಹೊಸ ಚಪ್ಪಲಿಯೂ ಮೊದಲು ಕಚ್ಚುತ್ತದೆ, ಸ್ವಲ್ಪ ದಿನ ತಡ್ಕೊಳ್ಳಿ. ಮಾಸ್ಕಿನ ಮಟ್ಟಿಗೆ ಈ ಲೆಕ್ಕ ತಪ್ಪು. ತೊಗಲು ಹಿಗ್ಗಿ ಕಾಲಿಗೆ ಹೊಂದುತ್ತದೆ, ಸಿಲಿಕೋನ್ ಹಿಗ್ಗುವುದಿಲ್ಲ. ಇಂದು ಒತ್ತಿದ ಜಾಗದಲ್ಲೇ ನಾಳೆಯೂ ಒತ್ತುತ್ತದೆ, ಗಾಯದ ಮೇಲೆ ಗಾಯ ಮಾಡುತ್ತದೆ. ಮೂಗಿನ ನೋವು ಸಹಿಸಬೇಕಾದ ಕಷ್ಟವಲ್ಲ, ಎಲ್ಲೋ ಏನೋ ಸರಿಯಾಗಿ ಕೂತಿಲ್ಲ ಎಂಬುದರ ಸುಳಿವು. ಎಲ್ಲಿ ನೋಯುತ್ತಿದೆ ಎಂದು ಹುಡುಕಿದರೆ ಏನು ಸರಿಪಡಿಸಬೇಕು ಎಂಬುದೂ ಸಿಗುತ್ತದೆ.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುವುದೇ ಸ್ಲೀಪ್ ಅಪ್ನಿಯ. ಪ್ರತಿ ಸಲವೂ 10 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ ಇಲ್ಲವೇ ಕುಗ್ಗುತ್ತದೆ. ಹೀಗಾಗುವುದು ಗಂಟೆಗೆ 5 ಸಲಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 30 ಮುಟ್ಟಿದರೆ ತೀವ್ರ. ರಕ್ತದೊತ್ತಡ, ಹೃದಯದ ಬಡಿತದ ಏರುಪೇರು, ಗಾಡಿ ಓಡಿಸುವಾಗ ಕಣ್ಣೆಳೆಯುವ ತೂಕಡಿಕೆ ಎಲ್ಲಕ್ಕೂ ಇದರ ನಂಟಿದೆ. ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ದೇಶದ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ, ಭಾರತದಲ್ಲಿ ಸುಮಾರು 10 ಕೋಟಿ ಮಂದಿಗೆ ಈ ತೊಂದರೆ ಇರಬಹುದೆಂದು ಅಂದಾಜಿಸಿದರು. ‘ಆಫ್ರಿಕಾದಲ್ಲಿ ಶೀಲಾ’ ಎಂಬ ಕನ್ನಡ ಚಿತ್ರಕ್ಕೂ ಸಂಗೀತ ನೀಡಿದ್ದ ಬಪ್ಪಿ ಲಹಿರಿ 2022ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಇದೂ ಇತ್ತು. ಇಂಥ ಕಾಯಿಲೆಗೆ ಇರುವ ಒಳ್ಳೆಯ ಚಿಕಿತ್ಸೆಯನ್ನು ಕಾಳಿನಷ್ಟು ಗಾಯಕ್ಕಾಗಿ ಬಿಟ್ಟುಬಿಡುವುದನ್ನು ನೋಡಿದರೆ ಸಂಕಟವಾಗುತ್ತದೆ.

ನೋವು ಮೂಗಿನ ಹೊರಗೋ ಒಳಗೋ ಎಂದು ಮೊದಲು ನೋಡಿಕೊಳ್ಳಬೇಕು. ಹೊರಗಿನದು ಒತ್ತಡದಿಂದ, ಒಳಗಿನದು ಒಣಗುವುದರಿಂದ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಹೊರಗಿನ ನೋವಿಗೆ ಮುಖ್ಯ ಕಾರಣ ಬಿಗಿ. ಮಾಸ್ಕಿನ ಅಂಚಿನಲ್ಲಿರುವ ಸಿಲಿಕೋನ್ ಕುಷನ್ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಅರ್ಧ ನೋವು ಅಲ್ಲೇ ಕಡಿಮೆಯಾಗುತ್ತದೆ. ಬಹುಪಾಲು ಮಾಸ್ಕುಗಳಲ್ಲಿ ಕುಷನ್ನಿನಲ್ಲಿ ಮುಖಕ್ಕೆ ತಾಗುವ ಪದರ ತೆಳುವಾಗಿರುತ್ತದೆ. ಮಷಿನ್ನಿನ ಗಾಳಿ ಅದನ್ನು ಉಬ್ಬಿಸಿ ಮುಖಕ್ಕೆ ಮೆತ್ತಗೆ ಅಂಟಿಸುತ್ತದೆ. ಅಂದರೆ ಸೋರಿಕೆ ತಡೆಯುವುದು ಗಾಳಿಯೇ, ಪಟ್ಟಿಯಲ್ಲ. ಪಟ್ಟಿಯ ಕೆಲಸ ಮಾಸ್ಕನ್ನು ಅದರ ಜಾಗದಲ್ಲಿ ಇರಿಸುವುದಷ್ಟೇ. ಪಟ್ಟಿಯನ್ನು ಬಿಗಿದರೆ ಉಬ್ಬಬೇಕಾದ ಪದರ ಚಪ್ಪಟೆಯಾಗಿ ಸುಕ್ಕುಗಟ್ಟುತ್ತದೆ, ಸುಕ್ಕಿನ ಸಂದಿಯಿಂದ ಗಾಳಿ ಕಣ್ಣಿನತ್ತ ಸೋರುತ್ತದೆ, ಸೋರಿತೆಂದು ಇನ್ನೊಂದು ಸುತ್ತು ಬಿಗಿಯುತ್ತೇವೆ. ಬೆಳಿಗ್ಗೆ ಏಳುವಾಗ ಮೂಗಿನ ಎಲುಬಿನ ಮೇಲೆ ಗೆರೆ ಬಿದ್ದಿರುತ್ತದೆ. ಹೊಸಬರನ್ನು ದಾರಿ ತಪ್ಪಿಸುವ ಇನ್ನೊಂದು ಸಂಗತಿಯಿದೆ. ಮಾಸ್ಕಿನ ಮುಂಭಾಗದ ಸಣ್ಣ ತೂತುಗಳಿಂದ ಸುಂಯ್ ಎಂದು ಸದಾ ಗಾಳಿ ಹೋಗುತ್ತಿರುತ್ತದೆ. ಅದು ನಾವು ಬಿಟ್ಟ ಉಸಿರು ಹೊರಹೋಗಲೆಂದೇ ಇಟ್ಟ ದಾರಿ. ಅದನ್ನು ಸೋರಿಕೆ ಎಂದುಕೊಂಡು ಪಟ್ಟಿ ಬಿಗಿಯಬಾರದು. ಬಟ್ಟೆ, ಟೇಪು ಹಚ್ಚಿ ಆ ತೂತುಗಳನ್ನು ಮುಚ್ಚುವುದಂತೂ ಅಪಾಯ.

ಅಳವಡಿಸುವ ಕ್ರಮವೂ ನಮ್ಮಲ್ಲಿ ಹೆಚ್ಚಾಗಿ ತಲೆಕೆಳಗು. ಮಷಿನ್ ತಂದುಕೊಟ್ಟವರು ರೋಗಿಯನ್ನು ಸೋಫಾ ಮೇಲೆ ಕೂರಿಸಿ ಮಾಸ್ಕ್ ತೊಡಿಸಿ, ಸರಿಹೋಯಿತು ಎಂದು ಹೊರಟುಬಿಡುತ್ತಾರೆ. ಮಲಗಿದಾಗ ಮುಖದ ಮಾಂಸ ಬೇರೆ ಕಡೆ ಇಳಿಯುತ್ತದೆ, ಕೂತಾಗ ಸರಿಯಿದ್ದ ಅಳತೆ ಕೆಡುತ್ತದೆ. ಹಾಗಾಗಿ ಪಟ್ಟಿಗಳನ್ನೆಲ್ಲ ಸಡಿಲಿಸಿ, ದಿನಾ ಮಲಗುವ ದಿಂಬಿನ ಮೇಲೆ ದಿನಾ ಮಲಗುವ ಮಗ್ಗುಲಿಗೆ ಮಲಗಿ, ಮಷಿನ್ ಹಾಕಿ. ಗಾಳಿ ಬರುತ್ತಿರುವಾಗ ಮಾಸ್ಕನ್ನು ಮುಖದಿಂದ ಕೊಂಚ ಎತ್ತಿ ಮತ್ತೆ ಕೂರಿಸಿದರೆ ಕುಷನ್ ಉಬ್ಬಿಕೊಳ್ಳುತ್ತದೆ. ಆಮೇಲೆ ಎರಡೂ ಬದಿಯನ್ನು ಸಮನಾಗಿ, ಸೋರಿಕೆ ನಿಲ್ಲುವಷ್ಟು ಮಾತ್ರ ಎಳೆಯಿರಿ. ಪಟ್ಟಿಯ ಕೆಳಗೆ ಬೆರಳು ಸಲೀಸಾಗಿ ತೂರಬೇಕು.

ಈ ಮಾಸ್ಕು ಇಷ್ಟು ಹಗುರವಾಗಲು ಬಹಳ ಕಾಲ ಹಿಡಿದಿದೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲ್ಲಿವನ್ 1980ರಲ್ಲಿ ಈ ಚಿಕಿತ್ಸೆಯನ್ನು ಮೊದಲ ಬಾರಿ ಪ್ರಯೋಗಿಸಿದಾಗ, ತೀವ್ರ ರೋಗಿಗಳಿಗೆ ಗಂಟಲಿಗೆ ತೂತು ಕೊರೆಯುವ ಶಸ್ತ್ರಕ್ರಿಯೆಯೇ ದಾರಿಯಾಗಿತ್ತು. 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಐವರು ರೋಗಿಗಳ ಫಲಿತಾಂಶ ಪ್ರಕಟವಾಯಿತು. ಅಂದಿನ ಮಾಸ್ಕನ್ನು ಒಬ್ಬೊಬ್ಬರ ಮೂಗಿನ ಅಚ್ಚು ತೆಗೆದು ಮಾಡುತ್ತಿದ್ದರು. ಪ್ರತಿ ರಾತ್ರಿ ಸಿಲಿಕೋನ್ ಅಂಟಿನಿಂದ ಮುಖಕ್ಕೆ ಅಂಟಿಸಿ, ಬೆಳಿಗ್ಗೆ ಕಿತ್ತು ತೆಗೆಯಬೇಕಿತ್ತು. ಇಂದು ಮೂಗನ್ನಷ್ಟೇ ಮುಚ್ಚುವುದು, ಹೊಳ್ಳೆಗೆ ತಾಗಿ ಕೂರುವ ಪುಟ್ಟ ಪಿಲ್ಲೋ, ಬಾಯಿ ಮೂಗು ಎರಡನ್ನೂ ಮುಚ್ಚುವುದು ಎಂದು ಬಗೆಬಗೆಯವು ಸಿಗುತ್ತವೆ. ಒಂದರಿಂದ ನೋವಾದರೆ ಇನ್ನೊಂದಕ್ಕೆ ಹೋಗಬಹುದು. ಮೂಗಿನ ಎಲುಬಿನ ಮೇಲೆ ಗಾಯವಾದವರು ಪಿಲ್ಲೋ ಮಾಸ್ಕಿಗೆ ಬದಲಾದರೆ ಆ ಜಾಗಕ್ಕೆ ಪೂರ್ತಿ ಬಿಡುವು ಸಿಗುತ್ತದೆ. ಪಿಲ್ಲೋದಿಂದ ಹೊಳ್ಳೆಯ ಅಂಚು ಉರಿದರೆ ಸೈಜ್ ಸರಿಯಿಲ್ಲ ಅಥವಾ ಒಳಗೆ ತುರುಕುತ್ತಿದ್ದೀರಿ ಎಂದು ಅರ್ಥ. ಅದು ಹೊಳ್ಳೆಯ ಬಾಯಿಗೆ ತಾಗಿ ಕೂರಬೇಕು, ಒಳಗೆ ಹೋಗಬಾರದು. ಕೆಲವರು ಎರಡು ಬಗೆಯನ್ನೂ ಇಟ್ಟುಕೊಂಡು ಆಗಾಗ ಬದಲಿಸುತ್ತಾರೆ. ಖರ್ಚು ಕೈಗೆಟುಕಿದರೆ ಇದು ಜಾಣತನದ ದಾರಿ.

ನಮ್ಮ ಮುಖಕ್ಕೆ ಸಂಬಂಧಿಸಿದ ಕೆಲವು ಸಂಗತಿಗಳು ಮಷಿನ್ನಿನ ಜೊತೆ ಬರುವ ಪುಸ್ತಕದಲ್ಲಿ ಇರುವುದಿಲ್ಲ. ಮೂಗುತಿ ಅವುಗಳಲ್ಲಿ ಮೊದಲನೆಯದು. ಕುಷನ್ನಿನ ಅಂಚು ಮೂಗುಬೊಟ್ಟಿನ ಮೇಲೆ ಕೂತರೆ ರಾತ್ರಿಯಿಡೀ ಲೋಹ ಚರ್ಮಕ್ಕೆ ಒತ್ತುತ್ತದೆ, ಅದೇ ಜಾಗದಲ್ಲಿ ಗಾಳಿಯೂ ಸೋರುತ್ತದೆ, ಒಳಗಿನ ತಿರುಪು ಪಿಲ್ಲೋಗೆ ತಾಗುತ್ತದೆ. ರಾತ್ರಿ ತೆಗೆದಿಡುವುದು ಒಳ್ಳೆಯದು. ಮುತ್ತೈದೆ ಮೂಗು ಬರಿದು ಮಾಡಬಾರದು ಎನ್ನುವ ಅತ್ತೆಯೋ ಅಜ್ಜಿಯೋ ಮನೆಯಲ್ಲಿದ್ದರೆ, ವೈದ್ಯರ ಬಾಯಿಂದಲೇ ಅವರಿಗೆ ಹೇಳಿಸಿ. ತೆಗೆಯಲಾಗದವರು ಮೂಗುತಿಯನ್ನು ಪೂರ್ತಿ ಒಳಗೆ ಸೇರಿಸಿಕೊಳ್ಳುವಷ್ಟು ಅಗಲದ ಮಾಸ್ಕ್ ಕೇಳಬೇಕು. ಎರಡನೆಯದು ಎಣ್ಣೆ. ಸಂಜೆ ತಲೆಗೆ ಕೊಬ್ಬರಿ ಎಣ್ಣೆ, ಮುಖಕ್ಕೆ ಕ್ರೀಮು ಹಚ್ಚಿ ಮಲಗಿದರೆ ಕುಷನ್ ಜಾರುತ್ತದೆ, ಜಾರಿದ್ದಕ್ಕೆ ಬಿಗಿಯುವುದು ಶುರು. ಮಲಗುವ ಮುಂಚೆ ಮುಖವನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಬೆಳಿಗ್ಗೆ ಕುಷನ್ನನ್ನೂ ಮಕ್ಕಳ ಶ್ಯಾಂಪೂವಿನಂಥ ಸೌಮ್ಯವಾದುದರಿಂದ ತೊಳೆದು ನೆರಳಿನಲ್ಲಿ ಒಣಗಿಸಿ. ಚರ್ಮಕ್ಕೆ ಹಚ್ಚುವ ಆರೈಕೆಯೆಲ್ಲ ಹಗಲಿಗಿರಲಿ.

ಮಷಿನ್ನಿನಿಂದ ಮಾಸ್ಕಿಗೆ ಗಾಳಿ ತರುವ ಪೈಪಿನ ಎಳೆತವೂ ಮೂಗಿಗೆ ಬೀಳುತ್ತದೆ. ಮಗ್ಗುಲು ಬದಲಿಸಿದಾಗ ಪೈಪು ಮಾಸ್ಕನ್ನು ಪಕ್ಕಕ್ಕೆ ಎಳೆಯುತ್ತದೆ. ಸೊಳ್ಳೆ ಪರದೆಯ ಕೋಲಿಗೋ ಮಂಚದ ತಲೆಹಲಗೆಗೋ ಮೇಲಿನಿಂದ ಸಡಿಲವಾಗಿ ಇಳಿಬಿಟ್ಟರೆ ಅಷ್ಟೇ ಸಾಕು.

ಎದ್ದಾಗ ಕಾಣುವ ಕೆಂಪು ಗುರುತು ಸ್ನಾನ, ಕಾಫಿ ಮುಗಿಯುವಷ್ಟರಲ್ಲಿ ಹೋದರೆ ಭಯವಿಲ್ಲ. ಮಧ್ಯಾಹ್ನಕ್ಕೂ ಉಳಿದರೆ, ಬೆರಳಿನಿಂದ ಒತ್ತಿದಾಗ ಬಿಳಿಚದೆ ಕೆಂಪಾಗಿಯೇ ಇದ್ದರೆ, ಚರ್ಮ ಒಡೆಯುವ ಹಂತಕ್ಕೆ ಬಂದಿದೆ. ಆಸ್ಪತ್ರೆಗಳಲ್ಲಿ ಇಂಥ ಜಾಗಕ್ಕೆ ಹೈಡ್ರೊಕೊಲಾಯ್ಡ್ ಎಂಬ ತೆಳು ಪಟ್ಟಿ ಅಂಟಿಸಿ ಕಾಪಾಡುತ್ತಾರೆ. ಔಷಧ ಅಂಗಡಿಯಲ್ಲೂ ಸಿಗುತ್ತದೆ. ಮಾಸ್ಕಿನ ಕೆಳಗೆ ಹಾಕುವ ಹತ್ತಿಬಟ್ಟೆಯ ಲೈನರುಗಳೂ ಬೆವರು ಹೀರಿ ತಿಕ್ಕಾಟ ತಗ್ಗಿಸುತ್ತವೆ. ಆದರೆ ಬಿಗಿಯನ್ನು ಹಾಗೇ ಬಿಟ್ಟು ಮೇಲೊಂದು ಪಟ್ಟಿ ಅಂಟಿಸಿದರೆ ಬಹಳ ದಿನ ನಡೆಯುವುದಿಲ್ಲ.

ಇನ್ನು ಒಳಗಿನ ನೋವು. ಒಳಗೆಳೆದ ಗಾಳಿಯನ್ನು ಮೈಬಿಸಿಗೆ ತಂದು, ತೇವ ತುಂಬಿ ಶ್ವಾಸಕೋಶಕ್ಕೆ ಕಳಿಸುವುದು ಮೂಗಿನ ಕೆಲಸ. ಉಸಿರು ಮೂಗಿನಿಂದಲೇ ಹೊರಬಂದಾಗ ಆ ತೇವದ ಒಂದು ಪಾಲು ಮೂಗಿಗೆ ಮರಳಿ ಸಿಗುತ್ತದೆ. ಮಾಸ್ಕ್ ಹಾಕಿ ಬಾಯಿ ತೆರೆದು ಮಲಗಿದರೆ ಗಾಳಿ ಮೂಗಿನಿಂದ ನುಗ್ಗಿ ಬಾಯಿಂದ ಹೊರಟುಹೋಗುತ್ತದೆ. ಕೊಟ್ಟ ತೇವ ಮರಳುವುದೇ ಇಲ್ಲ. ಒಳಪೊರೆ ಒಣಗಿ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ, ಕಟ್ಟಿದ್ದರಿಂದ ಬಾಯಿ ಇನ್ನಷ್ಟು ತೆರೆಯುತ್ತದೆ. ಸೀನು, ಸುರಿಯುವ ಮೂಗು ನೋಡಿ ಮಷಿನ್ನಿನಿಂದ ನೆಗಡಿ ಹಿಡಿಯಿತು ಎಂದು ನಿಲ್ಲಿಸಿಬಿಡುತ್ತಾರೆ. ಬೆಳಿಗ್ಗೆ ನಾಲಿಗೆ ಅಂಗುಳಕ್ಕೆ ಅಂಟುವಷ್ಟು ಒಣಗಿದ್ದರೆ ಬಾಯಿಂದ ಸೋರುತ್ತಿದೆ ಎಂದೇ ತಿಳಿಯಿರಿ. ಗಲ್ಲದ ಪಟ್ಟಿ ಕೆಲವರಿಗೆ ಆಗುತ್ತದೆ, ಕೆಲವರಿಗೆ ಬಾಯಿಯನ್ನೂ ಮುಚ್ಚುವ ಮಾಸ್ಕೇ ಬೇಕು. ಧೂಳಿನ ಅಲರ್ಜಿಯೋ ವಕ್ರ ನಡುಗೋಡೆಯೋ ಇದ್ದು ಮೂಗು ಮೊದಲಿಂದಲೂ ಕಟ್ಟುತ್ತಿದ್ದರೆ ಅದಕ್ಕೆ ಇಎನ್‌ಟಿ ವೈದ್ಯರನ್ನು ಮೊದಲು ಕಾಣಬೇಕು.

ಒಣಗುವುದಕ್ಕೆ ನೇರ ಮದ್ದು ಮಷಿನ್ನಿನ ಹ್ಯುಮಿಡಿಫೈಯರ್, ಅಂದರೆ ನೀರು ಬಿಸಿಮಾಡಿ ಗಾಳಿಗೆ ತೇವ ಕೂಡಿಸುವ ತೊಟ್ಟಿ. ಹಣ ಉಳಿಸಲೆಂದು ಅದಿಲ್ಲದ ಮಷಿನ್ ಕೊಳ್ಳಬೇಡಿ ಎಂದು ನಾನಂತೂ ಖಂಡಿತ ಹೇಳುತ್ತೇನೆ. ನಡುವಿನ ಮಟ್ಟದಿಂದ ಶುರುಮಾಡಿ, ಬೆಳಿಗ್ಗೆ ಮೂಗು ಒಣಗಿದ್ದರೆ ಒಂದು ಮಟ್ಟ ಏರಿಸಿ. ಪೈಪಿನಲ್ಲಿ ನೀರಹನಿ ಕಟ್ಟಿ ಮುಖಕ್ಕೆ ಸಿಡಿದರೆ ಒಂದು ಮಟ್ಟ ಇಳಿಸಿ ಅಥವಾ ಪೈಪಿಗೆ ಬಟ್ಟೆ ಸುತ್ತಿ. ಬೀದರ್, ಕಲಬುರಗಿಯ ಒಣ ಚಳಿಗೆ ಬೇಕಾದ ಮಟ್ಟ ಮಂಗಳೂರಿನ ಮಳೆಗಾಲಕ್ಕೆ ಬೇಕಿಲ್ಲ, ಎಸಿ ಕೋಣೆಯ ಲೆಕ್ಕ ಇನ್ನೊಂದು. ತೊಟ್ಟಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬೋರ್‌ವೆಲ್ ನೀರಿನ ಸುಣ್ಣ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಇನ್ವರ್ಟರ್ ಬ್ಯಾಟರಿಗೆಂದು ಮಾರುವ ನೀರು ಬೇಡ, ಔಷಧ ಅಂಗಡಿಯಲ್ಲಿ ಕೇಳಿ ತನ್ನಿ. ಉಳಿದ ನೀರನ್ನು ಪ್ರತಿದಿನ ಚೆಲ್ಲಿ, ತೊಟ್ಟಿ ಒಣಗಲು ಬಿಡಿ.

ಸಂಜೆ ಉಪ್ಪುನೀರಿನಿಂದ ಮೂಗು ತೊಳೆಯುವುದು ಬಹಳ ಹಿತ. ಜಲನೇತಿ ಬಲ್ಲವರಿಗೆ ಇದು ಹೊಸದಲ್ಲ. ಲೀಟರ್ ನೀರಿಗೆ 9 ಗ್ರಾಂ ಉಪ್ಪು. ನೀರು ಕುದಿಸಿ ಆರಿಸಿದ್ದೇ ಆಗಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಕಲುಷಿತ ನೀರಿನೊಂದಿಗೆ ಮೂಗಿನಿಂದ ಮಿದುಳಿಗೇರುವ ಅಮೀಬಾ ಪಕ್ಕದ ಕೇರಳದಲ್ಲಿ ಜೀವಗಳನ್ನು ತೆಗೆದಿದೆ. ಅಷ್ಟು ಮಾಡಲಾಗದವರಿಗೆ ಅಂಗಡಿಯಲ್ಲಿ ಸಿಗುವ ಸಲೈನ್ ಸ್ಪ್ರೇ, ಸಲೈನ್ ಜೆಲ್ ಇವೆ.

ಉರಿಗೆ ತುಪ್ಪವೋ ಕೊಬ್ಬರಿ ಎಣ್ಣೆಯೋ ಒಂದೆರಡು ಹನಿ ಬಿಡು ಎನ್ನುವುದು ನಮ್ಮ ಮನೆಗಳ ಮೊದಲ ಸಲಹೆ. ಮಾಸ್ಕ್ ಹಾಕುವವರು ಇದನ್ನು ಕೈಬಿಡಬೇಕು. ಮೂಗಿಗೆ ಬಿಟ್ಟ ಎಣ್ಣೆ ನಿದ್ದೆಯಲ್ಲಿ ಶ್ವಾಸಕೋಶಕ್ಕೆ ಇಳಿದು ಒಂದು ಬಗೆಯ ನ್ಯುಮೋನಿಯ ತರಬಲ್ಲದು. ವ್ಯಾಸಲೀನ್ ಕೂಡ ಹೊಳ್ಳೆಯೊಳಗೆ ಬೇಡ, ಸಿಲಿಕೋನನ್ನೂ ಅದು ಕೆಡಿಸುತ್ತದೆ. ಮಷಿನ್ ಜೊತೆ ಆಮ್ಲಜನಕವನ್ನೂ ಪಡೆಯುತ್ತಿರುವವರು ಮುಖದ ಹತ್ತಿರ ಎಣ್ಣೆ ಜಿಡ್ಡು ತರಲೇಬಾರದು, ಬೆಂಕಿ ಹತ್ತುವ ಅಪಾಯವಿದೆ. ಮೂಗು ಬಿಡಿಸುವ ಓಟ್ರಿವಿನ್‌ನಂಥ ಹನಿಗಳನ್ನು ಕೆಲವೇ ದಿನ ಬಳಸಬಹುದು. ಮುಂದುವರಿಸಿದರೆ ಹನಿ ಬಿಟ್ಟ ಮೇಲೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ.

ಮೊದಲ ದಿನಗಳಲ್ಲಿ ರಾತ್ರಿಯೇ ಎಲ್ಲ ಸಾಧಿಸಲು ಹೋಗಬೇಡಿ. ಹಗಲು ಧಾರಾವಾಹಿ ನೋಡುವಾಗ, ಪೇಪರ್ ಓದುವಾಗ ಅರ್ಧ ಗಂಟೆ ಹಾಕಿಕೊಂಡು ಕೂತರೆ ಎಲ್ಲಿ ಒತ್ತುತ್ತಿದೆ ಎಂಬುದು ಎಚ್ಚರದಲ್ಲೇ ತಿಳಿಯುತ್ತದೆ. ಕಡಿಮೆ ಒತ್ತಡದಿಂದ ಶುರುವಾಗಿ ನಿಧಾನಕ್ಕೆ ಏರುವ ರ್‍ಯಾಂಪ್ ಸೌಲಭ್ಯವೂ ಬಹುತೇಕ ಮಷಿನ್ನುಗಳಲ್ಲಿದೆ.

ಸಕ್ಕರೆ ಕಾಯಿಲೆಯವರಲ್ಲಿ ಗಾಯ ಮಾಯುವುದು ನಿಧಾನ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಸಣ್ಣ ಬಿರುಕೂ ಹೆಚ್ಚು ರಕ್ತ ಸುರಿಸುತ್ತದೆ. ಇವರು ಕಾಯದೆ ವೈದ್ಯರಿಗೆ ತೋರಿಸಬೇಕು. ಕೀವು, ಜ್ವರ, ನಿಲ್ಲದ ರಕ್ತ ಕಂಡರೆ ಯಾರೇ ಆಗಲಿ ಕಾಯಬಾರದು. ಹೋಗುವಾಗ ಮಾಸ್ಕನ್ನೂ ಮಷಿನ್ನನ್ನೂ ಜೊತೆಗೆ ಒಯ್ಯಿರಿ. ಎಷ್ಟು ಗಂಟೆ ಹಾಕಿದಿರಿ, ಎಷ್ಟು ಗಾಳಿ ಸೋರಿತು ಎಂಬುದೆಲ್ಲ ಹೆಚ್ಚಿನ ಮಷಿನ್ನುಗಳಲ್ಲಿ ದಾಖಲಾಗಿರುತ್ತದೆ. ಒತ್ತಡದ ಅಂಕಿಯನ್ನು ನೀವೇ ಇಳಿಸಿಕೊಳ್ಳುವುದು ಬೇಡ, ಅದು ವೈದ್ಯರ ತೀರ್ಮಾನ. ಇನ್ನೂ ಕೊಳ್ಳದವರು ಹಣ ಕೊಡುವ ಮುನ್ನವೇ ಮಾರುವವರನ್ನು ಕೇಳಿ: ಸೈಜ್ ಅಳೆಯುವ ಪಟ್ಟಿ ತಂದಿದ್ದೀರಾ, ಮಾಸ್ಕ್ ಹೊಂದದಿದ್ದರೆ ಬದಲಿಸಿಕೊಡುತ್ತೀರಾ, ವಾರದ ನಂತರ ಮತ್ತೆ ಬರುತ್ತೀರಾ? ಈಗಾಗಲೇ ಕೊಂಡು ಮೇಲಿಟ್ಟವರು ಅವರಿಗೆ ಫೋನ್ ಮಾಡಿ ಮನೆಗೆ ಕರೆಸಿ, ಅವರೆದುರೇ ಮಂಚದ ಮೇಲೆ ಮಲಗಿ ಮಾಸ್ಕ್ ತೊಡಿ, ಎಲ್ಲಿ ನೋಯುತ್ತದೆಂದು ಬೆರಳಿಟ್ಟು ತೋರಿಸಿ.